ಪ್ಲಾನಿಂಗ್ ಎಂಜಿನಿಯರ್‌ಗೆ ಯಾವ ಸರ್ಟಿಫಿಕೇಟ್? ಅವರು ಹಾಕುವ ಶೆಡ್ಯೂಲ್‌ಗೆ ಯಾವ ಅಳತೆ?

ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ನಮೂನೆಯ ಜಾಹೀರಾತು ಪದೇ ಪದೇ ಬರುತ್ತಿರುತ್ತದೆ. ‘ಪ್ಲಾನಿಂಗ್ ಎಂಜಿನಿಯರ್ ಬೇಕು. ಪ್ರೈಮವೇರಾ ಬರಬೇಕು. ಪಿಎಂಐ-ಎಸ್‌ಪಿ ಅಥವಾ ಪಿಎಸ್‌ಪಿ ಇದ್ದವರಿಗೆ ಆದ್ಯತೆ.’ ಕೆಲಸ ಒಮ್ಮೆ ಬೆಂಗಳೂರಿನದು, ಒಮ್ಮೆ ದುಬೈನದು, ಒಮ್ಮೆ ಇಲ್ಲೇ ನಮ್ಮ ಕಡೆಯ ರೈಲ್ವೆ ಜೋಡಿಹಳಿಯದು. ಮಗಳು ಅದನ್ನು ಮನೆಯಲ್ಲಿ ತೋರಿಸಿದರೆ ಅಪ್ಪನ ಮೊದಲ ಪ್ರಶ್ನೆ, ‘ಎಷ್ಟು ತಿಂಗಳ ಕೋರ್ಸವಾ ಅದು? ಫೀ ಎಷ್ಟಂತ?’

ಅದು ಕೋರ್ಸೇ ಅಲ್ಲ ಎಂಬಲ್ಲಿಂದ ಶುರು ಮಾಡಬೇಕು. ಆ ಒಂದೇ ಜಾಹೀರಾತಿನಲ್ಲಿ ಪ್ರೈಮವೇರಾ ಎಂಬ ಒಂದು ಸಾಫ್ಟ್‌ವೇರಿನ ಹೆಸರಿದೆ, ಪಿಎಂಐ-ಎಸ್‌ಪಿ ಮತ್ತು ಪಿಎಸ್‌ಪಿ ಎಂಬ ಎರಡು ವೃತ್ತಿ ಪರೀಕ್ಷೆಗಳ ಹೆಸರಿದೆ. ಅದರಲ್ಲಿ ಕಾಣದ ಮೂರನೆಯದೊಂದಿದೆ, ಮಾಡಿದ ಶೆಡ್ಯೂಲ್ ಸರಿಯಿದೆಯೇ ಎಂದು ನೋಡುವ ಮಾನದಂಡ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ ದುಡ್ಡೂ ಹೊತ್ತೂ ಹಾಳಾಗುತ್ತಿವೆ.

ಶೆಡ್ಯೂಲರ್ ಅಂದರೆ ಯಾರು

ದೊಡ್ಡ ಕಾಮಗಾರಿಯಲ್ಲಿ ಯಾವ ಕೆಲಸದ ಹಿಂದೆ ಯಾವುದು ಬರಬೇಕು, ಒಂದೊಂದಕ್ಕೂ ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಜನ, ಎಷ್ಟು ಯಂತ್ರ ಬೇಕು, ಒಟ್ಟು ಕೆಲಸ ಯಾವತ್ತು ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಕೆಲಸ ನಡೆದ ಹಾಗೆ ಆ ಲೆಕ್ಕವನ್ನು ತಿದ್ದುತ್ತ ಹೋಗುವವರು ಶೆಡ್ಯೂಲರ್. ನಮ್ಮ ದೇಶದ ಸೈಟುಗಳಲ್ಲಿ ಅವರನ್ನು ಹೆಚ್ಚಾಗಿ ‘ಪ್ಲಾನಿಂಗ್ ಎಂಜಿನಿಯರ್’ ಅನ್ನುತ್ತಾರೆ. ಸೈಟ್ ಎಂಜಿನಿಯರ್ ಬಿಸಿಲಲ್ಲಿ ನಿಂತು ಇವತ್ತಿನ ಕಾಂಕ್ರೀಟ್ ನೋಡುತ್ತಿದ್ದರೆ, ಇವರು ಪತ್ರಾಸು ಶೆಡ್ಡಿನ ಆಫೀಸಿನಲ್ಲಿ ಕೂತು ಬರುವ ತಿಂಗಳ ಕಾಂಕ್ರೀಟಿಗೆ ಇವತ್ತೇ ಯಾವ ಡ್ರಾಯಿಂಗ್‌ಗೆ ಸಹಿ ಬೀಳಬೇಕು ಎಂದು ನೋಡುತ್ತಿರುತ್ತಾರೆ.

ಹುಬ್ಬಳ್ಳಿ-ಧಾರವಾಡದ ಜನರಿಗೆ ಇಂಥ ಕೆಲಸ ಹೊಸದಲ್ಲ, ಅದನ್ನು ಮಾಡುವವರ ಹೆಸರಷ್ಟೇ ಗೊತ್ತಿಲ್ಲ. ಬಸ್‌ಗಳಿಗೆಂದೇ ಮೀಸಲಾದ ಬಿಆರ್‌ಟಿಎಸ್ ರಸ್ತೆ, ಚನ್ನಮ್ಮ ಸರ್ಕಲ್ಲಿನ ಫ್ಲೈಓವರ್, ಬೈಪಾಸ್ ಅಗಲೀಕರಣ, ರೈಲು ಮಾರ್ಗಗಳ ಜೋಡಿಹಳಿ, ಗದಗ ಸುತ್ತ ಎದ್ದ ಗಾಳಿಯಂತ್ರಗಳು ಎಲ್ಲದರ ಹಿಂದೆಯೂ ಇಂಥದ್ದೊಂದು ಶೆಡ್ಯೂಲ್ ಇರುತ್ತದೆ. ‘ಇದು ಯಾವಾಗ ಮುಗೀತದರೀ?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅದರಲ್ಲೇ.

ಒಂದು ಮನೆ, 98 ದಿನ

ಲೆಕ್ಕದ ತಿರುಳು ತಿಳಿಯಲು ಫ್ಲೈಓವರ್ ಬೇಡ, ನವನಗರದಲ್ಲಿ ಒಂದಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ ಅಂದುಕೊಂಡರೆ ಸಾಕು. ತಳಪಾಯಕ್ಕೆ 20 ದಿನ. ಅದಾದ ಮೇಲೆ ಗೋಡೆಗೆ 18. ಸೆಂಟ್ರಿಂಗ್ ಮತ್ತು ಸರಳು ಕಟ್ಟುವುದಕ್ಕೆ 8. ಸ್ಲ್ಯಾಬ್ ಹಾಕಲು 1. ಹಾಕಿದ ಮೇಲೆ ಸೆಂಟ್ರಿಂಗ್ ಕಂಬ ಬಿಚ್ಚದೆ ಕಾಯುವುದು 14. ಆಮೇಲೆ ಗಿಲಾವು 15, ಟೈಲ್ಸ್ 10, ಬಣ್ಣ 12. ಒಂದರ ಹಿಂದೆ ಒಂದು ಕೂಡಿಸಿದರೆ 98 ದಿನ.

ಬಾಗಿಲುಗಳದು ಬೇರೆ ದಾರಿ. ಬಡಗಿಗೆ ಮೊದಲ ದಿನವೇ ಆರ್ಡರ್ ಕೊಟ್ಟರೆ ಅವನಿಗೆ 45 ದಿನ ಬೇಕು. ಬಾಗಿಲು ಕೂರಿಸಲು 4 ದಿನ, ಅದೂ ಗಿಲಾವು ಮುಗಿದ ಮೇಲೆ, ಬಣ್ಣ ಶುರುವಾಗುವ ಮೊದಲು. ಗಿಲಾವು ಮುಗಿಯುವುದು 76ನೇ ದಿನ, ಟೈಲ್ಸ್ ಮುಗಿದು ಬಣ್ಣ ಶುರುವಾಗುವುದು 86ನೇ ದಿನ. ಅಂದರೆ ಬಡಗಿ 82ನೇ ದಿನದ ಕೊನೆಗೆ ಬಾಗಿಲು ತಂದಿಳಿಸಿದರೂ ಮನೆ ತಡವಾಗುವುದಿಲ್ಲ. ಅವನ ಕೈಯಲ್ಲಿ 37 ದಿನ ಸಡಿಲವಿದೆ. ಈ ಸಡಿಲಕ್ಕೆ ಶೆಡ್ಯೂಲಿಂಗ್ ಭಾಷೆಯಲ್ಲಿ ಫ್ಲೋಟ್ ಎನ್ನುತ್ತಾರೆ. ಸಡಿಲವೇ ಇಲ್ಲದ ಆ 98 ದಿನದ ಸಾಲು ಕ್ರಿಟಿಕಲ್ ಪಾತ್.

ಇದರಿಂದ ಹೊರಡುವ ಮಾತುಗಳು ಸಣ್ಣವಲ್ಲ. ಬಡಗಿ 30 ದಿನ ತಡ ಮಾಡಿದರೂ ಗೃಹಪ್ರವೇಶಕ್ಕೆ ಏನೂ ಆಗದು, ಬೈಯುವುದಿದ್ದರೆ ಬೈಯಬಹುದು ಅಷ್ಟೇ. ಆದರೆ ತಳಪಾಯದ ಹೊತ್ತಿಗೆ ಮೂರು ದಿನ ಮಳೆ ಹಿಡಿದರೆ ಮನೆಯೇ ಮೂರು ದಿನ ತಡ. ಬಡಗಿ 40 ದಿನ ತಡ ಮಾಡಿದರೆ ಮನೆ ತಡವಾಗುವುದು 40 ದಿನವಲ್ಲ, ಮೂರೇ ದಿನ, ಯಾಕೆಂದರೆ ಮೊದಲ 37 ದಿನವನ್ನು ಫ್ಲೋಟ್ ನುಂಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಬಾಗಿಲು ಕೂರಿಸುವವರಿಗೆ ಮೊದಲು 6 ದಿನದ ಸಡಿಲವಿತ್ತು. ಬಡಗಿ ತನ್ನ 37 ದಿನವನ್ನೂ ಬಳಸಿಕೊಂಡರೆ ಅವರಿಗೆ ಉಳಿಯುವುದು ಸೊನ್ನೆ. ಫ್ಲೋಟ್ ಒಂದೊಂದು ಕೆಲಸದ ಸ್ವಂತ ಆಸ್ತಿಯಲ್ಲ, ಆ ಸಾಲಿನಲ್ಲಿ ಇರುವವರೆಲ್ಲ ಹಂಚಿಕೊಂಡದ್ದು. ಕೋಟಿಗಟ್ಟಲೆ ಜಗಳಗಳು ಹುಟ್ಟುವುದು ಇಲ್ಲೇ, ಅದಕ್ಕೆ ಮುಂದೆ ಬರೋಣ.

ಈಗ ಹಿರಿಯರು ಮುಹೂರ್ತ ತೆಗೆಸಿ 90ನೇ ದಿನಕ್ಕೆ ಗೃಹಪ್ರವೇಶ ಗೊತ್ತು ಮಾಡಿದರು ಎನ್ನಿ. ಲೆಕ್ಕ 98 ಹೇಳುತ್ತಿದೆ. ಈ ಎಂಟು ದಿನದ ಕೊರತೆಯೇ ಋಣಾತ್ಮಕ ಫ್ಲೋಟ್. ದಾರಿಗಳಿವೆ. ಟೈಲ್ಸ್‌ಗೆ ಎರಡು ತಂಡ ಹಾಕಿ 10 ದಿನವನ್ನು 5ಕ್ಕೆ ಇಳಿಸಬಹುದು, ಬಣ್ಣದವರಿಗೆ ಹೆಚ್ಚು ಕೊಟ್ಟು 12 ದಿನವನ್ನು 9 ಮಾಡಿಸಬಹುದು. ಎಂಟು ದಿನ ಸಿಕ್ಕಿತು, ಖರ್ಚು ಏರಿತು. ಹೋಗಬಾರದ ದಾರಿಯೂ ಒಂದಿದೆ, ಆ 14 ದಿನವನ್ನು ಕತ್ತರಿಸುವುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ, ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ 6 ಮೀಟರ್‌ವರೆಗಿನ ಬೀಮ್‌ಗಳ ಕೆಳಗಿನ ಕಂಬಗಳನ್ನು 14 ದಿನ, ಅದಕ್ಕಿಂತ ಉದ್ದದ ಬೀಮ್‌ಗಳಿಗೆ 21 ದಿನ ಬಿಡಬೇಕು. ಹತ್ತು ಗೌಂಡಿಗಳನ್ನು ಹೆಚ್ಚು ಕರೆಸಿದರೂ ಕಾಂಕ್ರೀಟ್ ಬೇಗ ಗಟ್ಟಿಯಾಗುವುದಿಲ್ಲ.

ಹಾಗೆಯೇ ಗೋಡೆಯವರಿಗೆ ವಾರಕ್ಕೊಂದು ರಜೆ ಇರುತ್ತದೆ, ಆದರೆ ಕಾಂಕ್ರೀಟ್ ಭಾನುವಾರವೂ ಗಟ್ಟಿಯಾಗುತ್ತಲೇ ಇರುತ್ತದೆ. ಈ ಎರಡು ಕೆಲಸಗಳಿಗೆ ಎರಡು ಬೇರೆ ಕ್ಯಾಲೆಂಡರ್ ಕೊಡಬೇಕು. ಕಂಪ್ಯೂಟರಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ, ಕೂತವರಿಗೆ ಗೊತ್ತಿರಬೇಕು.

ಮನೆಯಲ್ಲಿ ಇದ್ದದ್ದು ಹತ್ತು ಕೆಲಸ. ದೊಡ್ಡ ಸೇತುವೆ ಅಥವಾ ಕಾರ್ಖಾನೆಯಲ್ಲಿ ಅದು ಸಾವಿರಾರು ಆಗುತ್ತದೆ. ಕ್ರಿಟಿಕಲ್ ಪಾತ್ ಕಣ್ಣಿಗೆ ಕಾಣದು, ತಿಂಗಳಿಂದ ತಿಂಗಳಿಗೆ ಜಾಗ ಬದಲಿಸುತ್ತದೆ.

ಲೆಕ್ಕ ಬಂದ ದಾರಿ

ಕೆಲಸಗಳನ್ನು ಅಡ್ಡಪಟ್ಟಿಗಳಾಗಿ ಬರೆಯುವ ಬಾರ್ ಚಾರ್ಟ್‌ಗೆ ಅಮೆರಿಕದ ಹೆನ್ರಿ ಗ್ಯಾಂಟ್ ಹೆಸರು ಅಂಟಿಕೊಂಡಿದೆ. ಅದು 1910ರ ದಶಕದ ಮಾತು. ಒಂದು ಕೆಲಸ ತಡವಾದರೆ ಇನ್ಯಾವುದು ಅಲುಗಾಡುತ್ತದೆ ಎಂಬುದನ್ನು ಅಂಥ ಪಟ್ಟಿ ತಾನಾಗಿ ಹೇಳುವುದಿಲ್ಲ. ಆ ಕೊರತೆ ನೀಗಿದ್ದು 1950ರ ದಶಕದ ಕೊನೆಗೆ. ಡ್ಯುಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲಿ ಸೇರಿ ಕ್ರಿಟಿಕಲ್ ಪಾತ್ ವಿಧಾನ ರೂಪಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ವಿಧಾನ ತಂದಿತು. ಸಿವಿಲ್ ಓದಿದವರೆಲ್ಲ ಈ ಎರಡನ್ನೂ ಪರೀಕ್ಷೆಗಾಗಿ ಉರು ಹೊಡೆದವರೇ. ಪ್ರೈಮವೇರಾ ಕಂಪನಿ ಹುಟ್ಟಿದ್ದು 1983ರಲ್ಲಿ, ಒರಾಕಲ್ ಅದನ್ನು ಕೊಂಡದ್ದು 2008ರಲ್ಲಿ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಅದರ ಓರಗೆಯದು. ಇವೆರಡರ ಒಳಗೆ ಓಡುತ್ತಿರುವುದು ನಾವು ಮೇಲೆ ಬಾಯಿಲೆಕ್ಕದಲ್ಲಿ ಮಾಡಿದ ಅದೇ ಕೂಡಿಸು-ಕಳೆ.

ತಡವಾದರೆ ದುಡ್ಡು ಯಾರದು

ಶೆಡ್ಯೂಲ್‌ಗೆ ಮಾನದಂಡ ಯಾಕೆ ಬೇಕಾಯಿತು? ಮುಖ್ಯ ಕಾರಣ, ಅದು ಬರೀ ಯೋಜನೆಯಾಗಿ ಉಳಿಯದೆ ಸಾಕ್ಷಿಯಾಗುತ್ತದೆ.

ಗುತ್ತಿಗೆಯ ಕರಾರಿನಲ್ಲಿ ಮುಗಿಸುವ ತಾರೀಖು ಇರುತ್ತದೆ. ದಾಟಿದರೆ ಇಷ್ಟು ದಂಡ ಎಂದು ಬರೆದಿರುತ್ತದೆ, ಸೈಟಿನಲ್ಲಿ ಇದಕ್ಕೆ ‘ಎಲ್‌ಡಿ’ ಅನ್ನುತ್ತಾರೆ. ತಡಕ್ಕೆ ಕಾರಣ ಗುತ್ತಿಗೆದಾರನಲ್ಲ, ಜಾಗ ಬಿಟ್ಟುಕೊಡದ ಇಲಾಖೆ ಅಥವಾ ಸ್ಥಳಾಂತರವಾಗದ ವಿದ್ಯುತ್ ತಂತಿ ಎಂದಾದರೆ ಅವನು ಹೆಚ್ಚಿನ ಸಮಯ ಕೇಳುತ್ತಾನೆ, ಅದು ‘ಇಒಟಿ’. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮು ಸಮಯ ಮೀರಿದ ಕರಾರುಗಳ ಬಗ್ಗೆ ಹೇಳುತ್ತದೆ. 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬರೆದ ದಂಡದ ಮೊತ್ತ ಮೇಲಿನ ಮಿತಿ ಮಾತ್ರ, ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ.

ಹಾಗಾದರೆ ವಿದ್ಯುತ್ ತಂತಿ 40 ದಿನ ತಡವಾಗಿ ಹೋಯಿತು, 40 ದಿನ ಇಒಟಿ ಕೊಡಬೇಕೇ? ನಮ್ಮ ಬಡಗಿಯ ಲೆಕ್ಕ ನೆನೆಯಿರಿ. ತಂತಿಯ ಸಾಲಿನಲ್ಲಿ 37 ದಿನ ಸಡಿಲವಿದ್ದರೆ ಕಾಮಗಾರಿಗೆ ತಟ್ಟಿದ್ದು ಮೂರೇ ದಿನ. ಇಲಾಖೆ ಆ ಸಡಿಲವನ್ನು ತಿಂದು ಹಾಕಬಹುದೇ, ಅದು ಗುತ್ತಿಗೆದಾರನ ಗಂಟಲ್ಲವೇ ಎಂಬುದು ದೊಡ್ಡ ವಾದ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ‘ಡಿಲೇ ಆ್ಯಂಡ್ ಡಿಸ್‌ರಪ್ಷನ್ ಪ್ರೋಟೊಕಾಲ್’ ಒಂದು ಉತ್ತರ ಕೊಡುತ್ತದೆ. ಕರಾರಿನಲ್ಲಿ ಬೇರೆ ಬರೆದಿರದಿದ್ದರೆ, ಮಾಲೀಕನಿಂದಾದ ತಡವು ತಾನು ತಟ್ಟಿದ ಸಾಲಿನ ಫ್ಲೋಟನ್ನು ಸೊನ್ನೆಗಿಂತ ಕೆಳಗೆ ಇಳಿಸಿದಷ್ಟಕ್ಕೆ ಮಾತ್ರ ಸಮಯ ವಿಸ್ತರಣೆ. ಇದು ಕಾನೂನಲ್ಲ, ಮಾರ್ಗದರ್ಶಿ. ಆದರೂ ತಡದ ತಕರಾರುಗಳಲ್ಲಿ ಇದರ ಹೆಸರು ಬರುತ್ತಲೇ ಇರುತ್ತದೆ.

ಇಂಥ ವಾದದಲ್ಲಿ ನಿಲ್ಲಬೇಕಾದರೆ ಮೊದಲು ಒಪ್ಪಿದ ಶೆಡ್ಯೂಲ್, ಅಂದರೆ ಬೇಸ್‌ಲೈನ್, ಇರಬೇಕು. ತಿಂಗಳ ತಿಂಗಳ ಅಪ್‌ಡೇಟ್ ಇರಬೇಕು. ಪ್ರತಿ ಅಪ್‌ಡೇಟಿಗೂ ‘ಇಲ್ಲಿಯವರೆಗೆ ನಡೆದದ್ದು ನಿಜ, ಇಲ್ಲಿಂದ ಮುಂದೆ ಅಂದಾಜು’ ಎಂದು ಗೆರೆ ಎಳೆಯುವ ಡೇಟಾ ಡೇಟ್ ಇರಬೇಕು. ಬಿಲ್ ಪಾಸಾಗಲಿ ಎಂದು ಕೊನೆಗೆ ಒಂದೇ ರಾತ್ರಿಯಲ್ಲಿ ಹಿಂದಿನ ಹತ್ತು ತಿಂಗಳ ಅಪ್‌ಡೇಟ್ ತಯಾರಿಸುವವರಿದ್ದಾರೆ. ಅನುಭವ ಇದ್ದವರು ಮೂಲ ಫೈಲ್ ತೆರೆದರೆ ಅದು ಗೊತ್ತಾಗುತ್ತದೆ. ಅದಕ್ಕೇ ಪಿಡಿಎಫ್ ಸಾಲದು, ಸಾಫ್ಟ್‌ವೇರಿನ ಮೂಲ ಫೈಲನ್ನೇ ಕೊಡಬೇಕು ಎಂಬ ಷರತ್ತು ಈಗ ದೊಡ್ಡ ಕರಾರುಗಳಲ್ಲಿ ಸಾಮಾನ್ಯ.

ಶೆಡ್ಯೂಲನ್ನು ಅಳೆಯುವ ಕೋಲು

ಈಗ ಮಾನದಂಡಗಳು. ಇವು ಮನುಷ್ಯರನ್ನಲ್ಲ, ಫೈಲನ್ನು ಅಳೆಯುತ್ತವೆ.

ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ರಕ್ಷಣಾ ಗುತ್ತಿಗೆ ನಿರ್ವಹಣಾ ಸಂಸ್ಥೆ, ಡಿಸಿಎಂಎ, ರೂಪಿಸಿದ 14 ಅಂಶಗಳ ತಪಾಸಣೆ. ಕ್ಷಿಪಣಿ-ವಿಮಾನಗಳ ಗುತ್ತಿಗೆಗೆಂದು ಹುಟ್ಟಿದ್ದು ಈಗ ರಸ್ತೆ, ಆಸ್ಪತ್ರೆ, ರಿಫೈನರಿಗಳ ಶೆಡ್ಯೂಲಿಗೂ ನಡೆಯುತ್ತದೆ. ಅದು ಕೇಳುವುದೇನೆಂದು ನಮ್ಮ ಮನೆಯ ಮೇಲೇ ಇಟ್ಟು ನೋಡಬಹುದು.

ಮೊದಲನೆಯದು, ತುದಿ ಬಿಚ್ಚಿದ ಕೆಲಸಗಳು. ಬಾಗಿಲಿನ ಆರ್ಡರನ್ನು ಪಟ್ಟಿಯಲ್ಲಿ ಬರೆದು, ಅದರ ಮುಂದೆ ‘ಬಾಗಿಲು ಕೂರಿಸುವುದು’ ಎಂದು ಜೋಡಿಸದೆ ಬಿಟ್ಟರೆ, ಬಡಗಿ ವರ್ಷ ತಡ ಮಾಡಿದರೂ ಕಂಪ್ಯೂಟರ್ 98 ದಿನವೆಂದೇ ಹೇಳುತ್ತಿರುತ್ತದೆ. ಇಂಥ ಜೋಡಣೆ ತಪ್ಪಿದ ಕೆಲಸಗಳು ಶೇ 5ನ್ನು ಮೀರಬಾರದು. ನನ್ನ ಮಟ್ಟಿಗೆ 14ರಲ್ಲಿ ಇದೇ ತಾಯಿಬೇರು, ಇದು ಕೆಟ್ಟರೆ ಉಳಿದ ಅಂಕಿಗಳನ್ನು ನೋಡಿ ಫಲವಿಲ್ಲ.

ಕೆಲಸಗಳ ನಡುವಿನ ನಂಟುಗಳಲ್ಲಿ ಕನಿಷ್ಠ ಶೇ 90, ‘ಇದು ಮುಗಿದ ಮೇಲೆ ಅದು ಶುರು’ ಎಂಬ ನೇರ ಬಗೆಯವಾಗಿರಬೇಕು. ‘ಇದು ಮುಗಿಯುವ ಮೂರು ದಿನ ಮೊದಲೇ ಅದು ಶುರು’ ಎಂಬ ಬಗೆ, ಲೀಡ್, ಒಂದೂ ಇರಬಾರದು. ‘ಇದು ಮುಗಿದು ಇಷ್ಟು ದಿನ ಬಿಟ್ಟು ಅದು ಶುರು’ ಎಂಬ ಲ್ಯಾಗ್ ಶೇ 5ರೊಳಗಿರಬೇಕು. ಸೆಂಟ್ರಿಂಗಿನ ಆ 14 ದಿನವನ್ನು ಹೆಸರಿಲ್ಲದ ಲ್ಯಾಗ್ ಮಾಡಿ ಬಚ್ಚಿಟ್ಟರೆ ಆರು ತಿಂಗಳ ಮೇಲೆ ಅದು ಯಾಕೆ ಇದೆ ಎಂದು ಯಾರಿಗೂ ನೆನಪಿರುವುದಿಲ್ಲ, ಯಾರೋ ಒಬ್ಬರು ಏಳಕ್ಕೆ ಇಳಿಸಿಬಿಡುತ್ತಾರೆ. ‘ಕಂಬ ಬಿಚ್ಚದೆ ಕಾಯುವುದು’ ಎಂದು ಹೆಸರು ಕೊಟ್ಟು ಪ್ರತ್ಯೇಕ ಕೆಲಸವಾಗಿ ಬರೆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ತಾರೀಖಿಗೆ ಮೊಳೆ ಹೊಡೆಯುವುದು ಇನ್ನೊಂದು ಚಾಳಿ. ಮುಹೂರ್ತ 90ನೇ ದಿನ ಎಂದು ಬಣ್ಣದ ಕೆಲಸದ ಕೊನೆಯನ್ನು 90ಕ್ಕೇ ಬಿಗಿದರೆ ಪರದೆಯ ಮೇಲೆ ಎಲ್ಲ ಹೊತ್ತಿಗೆ ಸರಿಯಾಗಿ ಕಾಣುತ್ತದೆ, ಸೈಟಿನಲ್ಲಿ ಮಾತ್ರ ಎಂಟು ದಿನದ ಬಣ್ಣ ಬಾಕಿ ಇರುತ್ತದೆ. ಇಂಥ ಬಿಗಿ ನಿರ್ಬಂಧಗಳು ಶೇ 5 ಮೀರುವಂತಿಲ್ಲ, ಋಣಾತ್ಮಕ ಫ್ಲೋಟ್ ಇರಲೇಬಾರದು. ಫ್ಲೋಟ್ ಅತಿಯಾದರೂ ಅನುಮಾನವೇ. 44 ಕೆಲಸದ ದಿನ, ಅಂದರೆ ಸುಮಾರು ಎರಡು ತಿಂಗಳು, ದಾಟಿದ ಸಡಿಲವಿರುವ ಕೆಲಸಗಳು ಶೇ 5ಕ್ಕಿಂತ ಹೆಚ್ಚಿದ್ದರೆ ಎಲ್ಲೋ ಜೋಡಣೆ ಬಿಟ್ಟುಹೋಗಿದೆ ಎಂದರ್ಥ.

ಚಂದದ ತಪಾಸಣೆಯೊಂದಿದೆ. ಕ್ರಿಟಿಕಲ್ ಪಾತ್‌ನ ಒಂದು ಕೆಲಸಕ್ಕೆ ಬೇಕೆಂದೇ ನೂರಾರು ದಿನ ಸೇರಿಸುವುದು. ಗೋಡೆಗೆ 18ರ ಬದಲು 618 ದಿನ ಎಂದು ಹಾಕಿದಾಗ ಮನೆ ಮುಗಿಯುವ ದಿನವೂ 600 ದಿನ ಆಚೆ ಹೋಗಬೇಕು. ಕದಲದೆ ನಿಂತರೆ ಶೆಡ್ಯೂಲ್ ಎಲ್ಲೋ ಮುರಿದಿದೆ. ಇದಕ್ಕೆ ವಿಶೇಷ ಜ್ಞಾನವೇನೂ ಬೇಡ, ಮೇಲಧಿಕಾರಿ ಮೀಟಿಂಗಿನಲ್ಲೇ ಮಾಡಿಸಿ ನೋಡಬಹುದು.

ಇದರ ಜೊತೆಗೆ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2015ರ ಡಿಸೆಂಬರಿನಲ್ಲಿ ಪ್ರಕಟಿಸಿದ ಶೆಡ್ಯೂಲ್ ತಪಾಸಣಾ ಕೈಪಿಡಿ ಹತ್ತು ಉತ್ತಮ ಪದ್ಧತಿಗಳನ್ನು ವಿವರಿಸುತ್ತದೆ. ಪಿಎಂಐ ಸಂಸ್ಥೆಯ ಶೆಡ್ಯೂಲಿಂಗ್ ಮಾನಕದ ಮೂರನೇ ಆವೃತ್ತಿ 2019ರದು. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೊದ ಐಎಸ್ 15883 ಸರಣಿ ನಿರ್ಮಾಣ ಯೋಜನೆಗಳ ನಿರ್ವಹಣೆಗೆಂದೇ ಇದೆ, ಅದರ ಎರಡನೇ ಭಾಗ ಪೂರ್ತಿ ಸಮಯ ನಿರ್ವಹಣೆಯದು. ಕಾಲೇಜಿನಲ್ಲಿ ಐಎಸ್ 456 ಅನ್ನು ಕಂಠಪಾಠ ಮಾಡಿದವರಿಗೂ ಇದರ ಹೆಸರು ಅಪರಿಚಿತ.

ಒಂದು ಎಚ್ಚರಿಕೆ. 14ಕ್ಕೆ 14 ಪಾಸಾದ ಶೆಡ್ಯೂಲ್ ಕೂಡ ಸುಳ್ಳಿರಬಹುದು. ಗೋಡೆಗೆ 18 ದಿನ ಬೇಕಾದಲ್ಲಿ 8 ಎಂದು ಬರೆದಿದ್ದರೆ ಈ ಯಾವ ತಪಾಸಣೆಗೂ ಅದು ಸಿಕ್ಕಿಬೀಳುವುದಿಲ್ಲ. ಅದು ಗೊತ್ತಾಗುವುದು ಗೋಡೆ ಕಟ್ಟಿದವರಿಗೆ.

ಮನುಷ್ಯರಿಗೆ ಇರುವ ಪರೀಕ್ಷೆಗಳು

‘ಆರ್ಕಿಟೆಕ್ಟ್’ ಎಂದು ಬೋರ್ಡು ಹಾಕಿಕೊಳ್ಳಲು ನಮ್ಮ ದೇಶದಲ್ಲಿ 1972ರ ಕಾಯ್ದೆಯಡಿ ನೋಂದಣಿ ಬೇಕು. ಶೆಡ್ಯೂಲರ್‌ಗೆ ಅಂಥ ಕಾನೂನಿಲ್ಲ. ಯಾರು ಬೇಕಾದರೂ ಪ್ಲಾನಿಂಗ್ ಎಂಜಿನಿಯರ್ ಆಗಬಹುದು. ಹಾಗಾಗಿ ಈ ಸರ್ಟಿಫಿಕೇಶನ್‌ಗಳು ಪರವಾನಗಿಗಳಲ್ಲ, ಕೆಲಸ ಕೊಡುವವರ ನಂಬಿಕೆಗಾಗಿ ವೃತ್ತಿಸಂಘಗಳು ನಡೆಸುವ ಪರೀಕ್ಷೆಗಳು. ಜಾಹೀರಾತುಗಳಲ್ಲಿ ಎದ್ದು ಕಾಣುವುದು ಎರಡು.

ಪಿಎಂಐ-ಎಸ್‌ಪಿ ನಡೆಸುವುದು 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಐಟಿಯವರಲ್ಲಿ ಮನೆಮಾತಾದ ಪಿಎಂಪಿಯನ್ನು ನಡೆಸುವವರೂ ಇವರೇ. ಪರೀಕ್ಷೆಗೆ ಕೂರಲು ಪದವೀಧರರಿಗೆ ಹಿಂದಿನ ಐದು ವರ್ಷಗಳಲ್ಲಿ 24 ತಿಂಗಳ ಶೆಡ್ಯೂಲಿಂಗ್ ಅನುಭವ ಮತ್ತು 30 ಗಂಟೆಯ ಶೆಡ್ಯೂಲಿಂಗ್ ತರಬೇತಿ ಬೇಕು. ಪದವಿ ಇಲ್ಲದವರಿಗೆ 40 ತಿಂಗಳು, 40 ಗಂಟೆ. ಡಿಪ್ಲೊಮಾ ಮಾಡಿ ಸೈಟಿನಲ್ಲಿ ಬೆಳೆದವರಿಗೂ ಬಾಗಿಲು ತೆರೆದಿದೆ ಎಂಬುದನ್ನು ಗಮನಿಸಬೇಕು. ಮೂರೂವರೆ ಗಂಟೆಯಲ್ಲಿ 170 ಪ್ರಶ್ನೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಶೇ 35, ಶೆಡ್ಯೂಲ್ ಹಾಕುವುದರ ಬಗ್ಗೆ ಅಲ್ಲ. ಹಾಕಿದ ಮೇಲೆ ಅದನ್ನು ಗಮನಿಸಿ ಹತೋಟಿಯಲ್ಲಿಡುವುದರ ಬಗ್ಗೆ. ಯೋಜಿಸಿ ತಯಾರಿಸುವುದಕ್ಕೆ ಶೇ 31, ಸಂಬಂಧಪಟ್ಟವರೊಂದಿಗೆ ಮಾತುಕತೆಗೆ ಶೇ 14. ಪಾಸಾದವರು ಮೂರು ವರ್ಷಕ್ಕೊಮ್ಮೆ 30 ಅಂಕದಷ್ಟು ಕಲಿಕೆ ತೋರಿಸಿ ನವೀಕರಿಸಬೇಕು.

ಪಿಎಸ್‌ಪಿ, ಅಂದರೆ ಪ್ಲಾನಿಂಗ್ ಆ್ಯಂಡ್ ಶೆಡ್ಯೂಲಿಂಗ್ ಪ್ರೊಫೆಷನಲ್, ಎಎಸಿಇ ಇಂಟರ್‌ನ್ಯಾಷನಲ್ ಸಂಸ್ಥೆಯದು. ಅದು 1956ರಲ್ಲಿ ಅಮೆರಿಕದ ವೆಚ್ಚ ಎಂಜಿನಿಯರ್‌ಗಳ ಸಂಘವಾಗಿ ಹುಟ್ಟಿದ್ದು. ಇಲ್ಲಿ ಅನುಭವದ ಮಟ್ಟ ಮೇಲಿದೆ. ಎಂಟು ವರ್ಷ, ಅಥವಾ ಸಂಬಂಧಿತ ಪದವಿಯಿದ್ದರೆ ನಾಲ್ಕು ವರ್ಷ. ಬಹುಆಯ್ಕೆ ಪ್ರಶ್ನೆಗಳ ಜೊತೆಗೆ ಒಂದು ವರದಿಯನ್ನೂ ಬರೆಯಬೇಕು. ಇದು ಸಣ್ಣ ಮಾತಲ್ಲ. ಶೆಡ್ಯೂಲರ್‌ನ ಅರ್ಧ ಕೆಲಸ, ತಡವಾದದ್ದು ಯಾಕೆಂದು ಬಾರ್ ಚಾರ್ಟ್ ಓದಲು ಬಾರದವರಿಗೆ ಒಂದು ಪುಟದಲ್ಲಿ ಬರೆದು ಒಪ್ಪಿಸುವುದು. ತಡದ ಕಾರಣಗಳನ್ನು ಹಿಂದಿನಿಂದ ಕೆದಕುವ ವಿಧಾನಗಳ ಬಗ್ಗೆ ಇದೇ ಸಂಸ್ಥೆ ಹೊರತಂದಿರುವ 29ಆರ್-03 ಎಂಬ ಮಾರ್ಗದರ್ಶಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ವ್ಯಾಜ್ಯಗಳ ವಕೀಲರಿಗೂ ಪರಿಚಿತ. ಎಎಸಿಇಯಲ್ಲಿ ಹೊಸಬರಿಗೆ ಸಿಎಸ್‌ಟಿ ಎಂಬ ಕೆಳಹಂತದ ಪರೀಕ್ಷೆಯೂ ಇದೆ, ಓದಿನ ವರ್ಷಗಳನ್ನೂ ಅದಕ್ಕೆ ಲೆಕ್ಕಕ್ಕೆ ಹಿಡಿಯುತ್ತಾರೆ. ಪಿಎಂಐ ಕಡೆ ಅನುಭವ ಕೇಳದ ಪರೀಕ್ಷೆ ಸಿಎಪಿಎಂ. ಅದಕ್ಕೆ 23 ಗಂಟೆಯ ತರಬೇತಿ ಸಾಕು, ಆದರೆ ಅದರ ವಿಷಯ ಒಟ್ಟಾರೆ ಯೋಜನಾ ನಿರ್ವಹಣೆ, ಬರೀ ಶೆಡ್ಯೂಲ್ ಅಲ್ಲ.

ಪರೀಕ್ಷೆ ನಡೆಸುವ ಸಂಸ್ಥೆಗಳಿಗೂ ಒಂದು ಅಳತೆಯಿದೆ, ಐಎಸ್‌ಒ/ಐಇಸಿ 17024. ಜನರಿಗೆ ಪ್ರಮಾಣಪತ್ರ ಕೊಡುವವರು ಹೇಗೆ ನಡೆದುಕೊಳ್ಳಬೇಕೆಂದು ಅದು ಹೇಳುತ್ತದೆ. ಪರೀಕ್ಷೆ ಪಕ್ಷಪಾತವಿಲ್ಲದೆ ನಡೆಯಬೇಕು, ಪ್ರಮಾಣಪತ್ರಕ್ಕೆ ಅವಧಿ ಇರಬೇಕು, ನವೀಕರಣ ಬೇಕು, ತಪ್ಪು ನಡೆದರೆ ವಾಪಸ್ ಪಡೆಯುವ ಅಧಿಕಾರವಿರಬೇಕು.

ಮೂರು ತಿಂಗಳ ಕೋರ್ಸ್ ಏನು ಕೊಡುತ್ತದೆ

ಸಾಫ್ಟ್‌ವೇರ್ ಕೊಡುತ್ತದೆ. ಪ್ರೈಮವೇರಾದಲ್ಲಿ ಕೆಲಸ ಸೇರಿಸುವುದು, ನಂಟು ಹಾಕುವುದು, ಎಫ್9 ಒತ್ತಿ ಲೆಕ್ಕ ಮಾಡಿಸುವುದು, ವರದಿ ತೆಗೆಯುವುದು. ಇವು ಬೇಕೇ ಬೇಕು. ಕೊನೆಗೆ ಸಿಗುವ ಕಾಗದ ನೀವು ತರಗತಿಗೆ ಬಂದಿರಿ, ಕಲಿತಿರಿ ಎಂಬುದಕ್ಕೆ ಸಾಕ್ಷಿ. ಅದಕ್ಕೆ ಅವಧಿ ಇಲ್ಲ, ನವೀಕರಣವಿಲ್ಲ, ವೃತ್ತಿಸಂಘದ ನಂಟೂ ಇಲ್ಲ.

ಕೋಚಿಂಗ್ ನಡೆಸುವವರಲ್ಲಿ ಕೆಲವರು ‘ಮೂರು ತಿಂಗಳಲ್ಲಿ ಪಿಎಂಐ-ಎಸ್‌ಪಿ’ ಎಂದೂ ಹೇಳುತ್ತಾರೆ. ಪರೀಕ್ಷೆಗೆ ತಯಾರಿ ಮೂರು ತಿಂಗಳಲ್ಲಿ ಆದೀತು, ಆದರೆ ಮೊನ್ನೆ ಬಿಇ ಮುಗಿಸಿದವರು 24 ತಿಂಗಳ ಅನುಭವ ಎಲ್ಲಿಂದ ತರುತ್ತಾರೆ? ಅರ್ಜಿಯಲ್ಲಿ ಇಲ್ಲದ ಅನುಭವ ಬರೆಯಿರಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಪಿಎಂಐ ಅರ್ಜಿಗಳನ್ನು ಆರಿಸಿ ಆಡಿಟ್ ಮಾಡುತ್ತದೆ, ಆಗ ನೀವು ಹೆಸರಿಸಿದ ಮೇಲಧಿಕಾರಿಯಿಂದ ದೃಢೀಕರಣ ತರಬೇಕಾಗುತ್ತದೆ. ಫೀ, ಅರ್ಹತೆ, ಪಠ್ಯ ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ದಿನ ಸಂಸ್ಥೆಯ ಸ್ವಂತ ಜಾಲತಾಣವನ್ನೇ ನೋಡಬೇಕು, ಮಧ್ಯದವರ ಕರಪತ್ರವನ್ನಲ್ಲ.

ಹೊಸಬರಿಗೆ ನಡೆಯುವ ಕ್ರಮ ಇಷ್ಟು. ಸಾಫ್ಟ್‌ವೇರ್ ಕಲಿಯಿರಿ, ಆದರೆ ಮೊದಲ ವರ್ಷವನ್ನು ಸೈಟಿನಲ್ಲೇ ಕಳೆಯಿರಿ. ಒಂದು ಸ್ಲ್ಯಾಬಿಗೆ ಸರಳು ಕಟ್ಟುವವರು ದಿನಕ್ಕೆ ಎಷ್ಟು ಕಟ್ಟುತ್ತಾರೆ ಎಂದು ನಿಂತು ನೋಡಿ ಬರೆದಿಟ್ಟುಕೊಳ್ಳಿ. ಮುಂದೆ ನೀವು ಹಾಕುವ ಅವಧಿಗಳಿಗೆ ಆ ವಹಿಯೇ ಆಧಾರ. ಎರಡು-ಮೂರು ವರ್ಷವಾದ ಮೇಲೆ ಪಿಎಂಐ-ಎಸ್‌ಪಿ, ತಡದ ತಕರಾರು ಮತ್ತು ಕ್ಲೇಮ್‌ಗಳ ಕಡೆ ಒಲವಿದ್ದರೆ ಇನ್ನೂ ಒಂದೆರಡು ವರ್ಷ ಬಿಟ್ಟು ಪಿಎಸ್‌ಪಿ.

ನಮ್ಮ ಕಡೆಯ ಕೆಲಸಗಳಲ್ಲಿ ಇದು ಹೇಗೆ

ಪುಸ್ತಕದ ನಿಯಮ ಎಲ್ಲ ಕಡೆ ಒಂದೇ, ಕ್ಯಾಲೆಂಡರ್ ಮಾತ್ರ ಊರಿನದು. ಗದಗ ಸುತ್ತಲಿನ ಗುಡ್ಡ-ಬಯಲುಗಳಲ್ಲಿ ಗಾಳಿಯಂತ್ರ ನಿಲ್ಲಿಸುವವರನ್ನು ಕೇಳಿ. ಗಾಳಿ ಜೋರಾಗಿರುವ ಮುಂಗಾರಿನ ತಿಂಗಳುಗಳಲ್ಲೇ ವಿದ್ಯುತ್ತೂ ಹೆಚ್ಚು. ಆದರೆ ಗಾಳಿ ಒಂದು ಮಿತಿ ದಾಟಿದರೆ ರೆಕ್ಕೆಗಳನ್ನು ಮೇಲೆತ್ತುವ ದೊಡ್ಡ ಕ್ರೇನ್ ಕೆಲಸ ನಿಲ್ಲಿಸಬೇಕು. ಆದ್ದರಿಂದ ಕ್ರೇನಿನ ಕೆಲಸಗಳಿಗೆ ಬೇರೆಯೇ ಕ್ಯಾಲೆಂಡರ್ ಕೊಟ್ಟು, ಆ ತಿಂಗಳುಗಳಲ್ಲಿ ವಾರಕ್ಕೆ ಸಿಗುವ ದಿನಗಳನ್ನು ಕಡಿಮೆ ಹಿಡಿಯಬೇಕು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರಾ, ವರದಾ ನದಿಗಳೊಳಗೆ ಸೇತುವೆಯ ಅಡಿಪಾಯ ಹಾಕುವವರಿಗೆ ಬೇಸಿಗೆಯೇ ಗತಿ. ಟೆಂಡರ್ ಎರಡು ತಿಂಗಳು ತಡವಾದರೆ ಕೆಲಸ ಎರಡು ತಿಂಗಳಲ್ಲ, ಹೊಳೆ ತುಂಬಿ ಇಳಿಯುವ ತನಕ ತಡವಾಗಬಹುದು. ರೈಲು ಹಳಿಯ ಮೇಲೆ ಗರ್ಡರ್ ಕೂರಿಸಲು ‘ಬ್ಲಾಕ್’ ಬೇಕು, ಅಂದರೆ ಇಷ್ಟು ಗಂಟೆ ಆ ಹಳಿಯಲ್ಲಿ ಗಾಡಿ ಓಡಿಸುವುದಿಲ್ಲ ಎಂಬ ರೈಲ್ವೆ ಅನುಮತಿ. ಆ ಗಂಟೆಗಳು ತಪ್ಪಿದರೆ ಮುಂದಿನ ಬ್ಲಾಕ್‌ವರೆಗೆ ಕ್ರೇನಿನ ಬಾಡಿಗೆ ಏರುತ್ತಿರುತ್ತದೆ.

‘ಮುಗಿಯಿತು’ ಎನ್ನುವುದನ್ನೂ ಶೆಡ್ಯೂಲಿನಲ್ಲಿ ಬಿಡಿಸಿ ಬರೆಯಬೇಕು. ಸುಮಾರು 22 ಕಿಲೋಮೀಟರಿನ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್‌ನಲ್ಲಿ ಚಿಗರಿ ಬಸ್‌ಗಳ ಪ್ರಾಯೋಗಿಕ ಓಡಾಟ ಶುರುವಾದದ್ದು 2018ರ ಅಕ್ಟೋಬರಿನಲ್ಲಿ, ವಿಧ್ಯುಕ್ತ ಉದ್ಘಾಟನೆಯಾದದ್ದು 2020ರ ಫೆಬ್ರುವರಿಯಲ್ಲಿ. ಯಾವುದು ಮುಗಿದ ದಿನ? ಪ್ರಯಾಣಿಕರಿಗೆ ಒಂದು, ಸರ್ಕಾರದ ಕಡತಕ್ಕೆ ಇನ್ನೊಂದು, ಗುತ್ತಿಗೆದಾರನ ಕೊನೆಯ ಬಿಲ್ಲಿಗೆ ಮತ್ತೊಂದು. ಇಂಥ ಗಡಿಗಲ್ಲುಗಳನ್ನು ಮೈಲ್‌ಸ್ಟೋನ್ ಎಂದು ಬೇರೆ ಬೇರೆಯಾಗಿ ಗುರುತಿಸಿದರೆ ಆಮೇಲಿನ ವಾದ ಕಡಿಮೆ. ಕೇಂದ್ರದ ಅಂಕಿಅಂಶ ಸಚಿವಾಲಯ 150 ಕೋಟಿ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಕೇಂದ್ರ ಯೋಜನೆಗಳ ಮೇಲೆ ಕಣ್ಣಿಟ್ಟು ಮೂಲ ತಾರೀಖು, ಈಗಿನ ನಿರೀಕ್ಷಿತ ತಾರೀಖು ಎರಡನ್ನೂ ಪ್ರಕಟಿಸುತ್ತದೆ. ತಮ್ಮೂರಿನ ಕಾಮಗಾರಿ ಆ ಪಟ್ಟಿಯಲ್ಲಿದ್ದರೆ ಯಾರು ಬೇಕಾದರೂ ತೆರೆದು ನೋಡಬಹುದು.

ಸರ್ಟಿಫಿಕೇಟ್ ನಿಜವೇ ಎಂದು ನೋಡುವುದು

ಕೆಲಸ ಕೊಡುವವರಿಗೆ ಕೊನೆಯದಾಗಿ ಒಂದು ಉಪಯುಕ್ತ ವಿಷಯ. ಪಿಎಂಐ ಮತ್ತು ಎಎಸಿಇ ಎರಡೂ ತಾವು ಪ್ರಮಾಣಪತ್ರ ಕೊಟ್ಟವರ ಹೆಸರನ್ನು ಆನ್‌ಲೈನಿನಲ್ಲಿ ಹುಡುಕುವ ವ್ಯವಸ್ಥೆ ಇಟ್ಟಿವೆ. ಹೆಸರು ಹಾಕಿದರೆ ಸರ್ಟಿಫಿಕೇಶನ್ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ಐದು ವರ್ಷ ಹಿಂದೆ ಪಾಸಾಗಿ ನವೀಕರಿಸದೆ ಬಿಟ್ಟವರು ಬಯೋಡೇಟಾದಲ್ಲಿ ಹೆಸರಿನ ಮುಂದೆ ಆ ಅಕ್ಷರಗಳನ್ನು ಬರೆದುಕೊಳ್ಳುವಂತಿಲ್ಲ. ಸಂದರ್ಶನದಲ್ಲಿ ಅದಕ್ಕಿಂತಲೂ ಕೆಲಸಕ್ಕೆ ಬರುವ ದಾರಿಯೊಂದಿದೆ. ಇಪ್ಪತ್ತು ಕೆಲಸಗಳ ಸಣ್ಣ ಫೈಲೊಂದರಲ್ಲಿ ಒಂದು ನಂಟನ್ನು ಬಿಚ್ಚಿ, ಒಂದು ತಾರೀಖಿಗೆ ಮೊಳೆ ಹೊಡೆದು, ‘ಇದರಲ್ಲಿ ಏನು ತಪ್ಪಿದೆ ಹೇಳ್ರಿ’ ಎಂದು ಲ್ಯಾಪ್‌ಟಾಪನ್ನು ಅಭ್ಯರ್ಥಿಯ ಕಡೆ ತಿರುಗಿಸುವುದು.